ಜಂಬೂ ಸವಾರಿ: ಎಲ್ಲಿ ನಿಂತು ನೋಡುವಿರಿ?

ದಸರಾ ರಜೆ ಬಂತೆಂದರೆ ಮಕ್ಕಳ ಹಟ ಶುರು. "ಈ ಸಲವಾದರೂ ಮೈಸೂರಿಗೆ ಹೋಗೋಣ, ಆನೆ ನೋಡೋಣ!" ಅಲ್ಲಿ ನೆಂಟರಿದ್ದರಂತೂ ಮಾತೇ ಇಲ್ಲ. ಬುತ್ತಿ ಕಟ್ಟಿಕೊಂಡು ನೀವೂ ಬಸ್ಸು ಹತ್ತುತ್ತೀರಿ. ಆದರೆ ಮೆರವಣಿಗೆಯನ್ನು ಎಲ್ಲಿ ನಿಂತು ನೋಡುವುದೆಂದು ಮನೆಯಲ್ಲೇ ಕುಳಿತು ಯೋಚಿಸಿದ್ದೀರಾ? "ಹೋದ ಮೇಲೆ ನೋಡಿದರಾಯಿತು" ಎನ್ನುವವರೇ ಹೆಚ್ಚು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಅಮ್ಮಿ ಮತ್ತು ಇಬ್ಬರು ಮಕ್ಕಳೊಂದಿಗೆ ಕೆ.ಆರ್. ವೃತ್ತದ ಬಳಿ ನಿಂತಿದ್ದೆ. ಬ್ಯಾಂಡಿನ ಸದ್ದು ಕೇಳಿದ್ದೇ ತಡ, ಹಿಂದಿನವರೆಲ್ಲ ಮುಂದಕ್ಕೆ ನುಗ್ಗಿದರು. ಎಡವಿದ ಅಮ್ಮಿಯನ್ನು ಹಿಡಿಯಲು ಹೋದಾಗ ಆರು ವರ್ಷದ ಮಗನ ಕೈ ಜಾರಿತು. ಮುಕ್ಕಾಲು ಗಂಟೆ ಹುಡುಕಿದೆವು. ಕೊನೆಗೆ ಹೂ ಮಾರುವ ತಾಯಿಯೊಬ್ಬರ ಪಕ್ಕದಲ್ಲಿ ಬಿಕ್ಕುತ್ತಾ ಕುಳಿತಿದ್ದ. ಅಂಬಾರಿ ಯಾವಾಗ ಹೋಯಿತೋ ನಮಗೆ ಗೊತ್ತಿಲ್ಲ. ಅವನಿಗೆ ನನ್ನ ಫೋನ್ ನಂಬರ್ ಬರುತ್ತಿರಲಿಲ್ಲ. ಊರಿನ ಮಕ್ಕಳಿಗೆಲ್ಲ ಮಗ್ಗಿ ಬಾಯಿಪಾಠ ಮಾಡಿಸುವವಳು ನಾನು!

ಆದ್ದರಿಂದ ಸಹೋದರಿಯರೇ, ಮೊದಲು ದಾರಿಯನ್ನು ತಿಳಿದುಕೊಳ್ಳಿ. ವಿಜಯದಶಮಿಯಂದು ಮಧ್ಯಾಹ್ನ ಅರಮನೆಯಿಂದ ಹೊರಡುವ ಮೆರವಣಿಗೆ ಚಾಮರಾಜ ವೃತ್ತ, ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಕಾಲೇಜು ವೃತ್ತ, ಬಂಬೂ ಬಜಾರ್, ಹೈವೇ ವೃತ್ತಗಳ ಮೂಲಕ ಬನ್ನಿಮಂಟಪ ತಲಪುತ್ತದೆ. ಸುಮಾರು 5 ಕಿ.ಮೀ. ದಾರಿ. ಮುಂದೆ ನಿಶಾನೆ ಆನೆ, ನಂತರ ಜಾನಪದ ತಂಡಗಳು, ಜಿಲ್ಲೆಗಳ ಸ್ತಬ್ಧಚಿತ್ರಗಳು. ಹಿಂದೆ ಮಹಾರಾಜರು ಕುಳಿತು ಬರುತ್ತಿದ್ದ, ಈಗ ಚಾಮುಂಡೇಶ್ವರಿಯ ವಿಗ್ರಹವಿರುವ ಸುಮಾರು 750 ಕೆ.ಜಿ.ಯ ಅಂಬಾರಿ ಬರುವುದು ಕೊನೆಯಲ್ಲಿ. ಮೊದಲ ಆನೆ ಕಂಡೊಡನೆ ನುಗ್ಗುವ ಅಗತ್ಯವೇ ಇಲ್ಲ.

ಇನ್ನು ಜಾಗದ ಮಾತು. ಅರಮನೆಯ ಆವರಣದಲ್ಲಿ ಕುರ್ಚಿಯಿರುತ್ತದೆ, ಆದರೆ ಪಾಸ್ ಅಥವಾ ಟಿಕೆಟ್ ಬೇಕು. ವಯಸ್ಸಾದವರಿದ್ದು, ಕೈಯಲ್ಲಿ ಹಣವೂ ಇದ್ದರೆ ಅದೇ ಒಳ್ಳೆಯದು. ಟಿಕೆಟನ್ನು ಮುಂಚಿತವಾಗಿಯೇ ಪಡೆದುಕೊಳ್ಳಬೇಕು.

ಕೆ.ಆರ್. ವೃತ್ತ ಮತ್ತು ಸಯ್ಯಾಜಿರಾವ್ ರಸ್ತೆಯಲ್ಲಿ ನೋಟ ಸೊಗಸು, ನೂಕುನುಗ್ಗಲೂ ಅಷ್ಟೇ. ಈ ರಸ್ತೆ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಪೂರ್ವದ ಬದಿಯಲ್ಲಿ ನಿಂತರೆ ಇಳಿಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಪಶ್ಚಿಮದ ಬದಿಯಲ್ಲಿ ಕಟ್ಟಡಗಳ ನೆರಳಿದೆ. ಆದರೆ ನೆರಳಿನ ಆಸೆಗೆ ಹಳೆಯ ಕಟ್ಟಡದ ಕೆಳಗೆ ನಿಲ್ಲಬೇಡಿ, ಮಹಡಿಗಂತೂ ಹತ್ತಲೇಬೇಡಿ. 2012ರಲ್ಲಿ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ವರು ಜೀವ ಕಳಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೇ ಕುಸಿಯಿತು. ಎರಡೂ ಮೆರವಣಿಗೆಯ ದಿನ ನಡೆದದ್ದಲ್ಲ. ಹಾಗಿರುವಾಗ ಅಂಥ ಕಟ್ಟಡದ ಮೇಲೆ ನೂರಾರು ಜನ ಹತ್ತಿ ಕುಳಿತರೆ ಗತಿಯೇನು?

ಚಿಕ್ಕ ಮಕ್ಕಳಿರುವವರಿಗೆ ನನ್ನ ಸಲಹೆ ಹೈವೇ ವೃತ್ತದಿಂದ ಬನ್ನಿಮಂಟಪದ ಕಡೆಗಿನ ರಸ್ತೆ. ಅಂಬಾರಿ ಇಲ್ಲಿಗೆ ಬರುವಾಗ ಹೊತ್ತು ಮುಳುಗುತ್ತದೆ, ಕುಣಿಯುವವರೂ ದಣಿದಿರುತ್ತಾರೆ. ಆದರೆ ಕೆ.ಆರ್. ವೃತ್ತದಂತೆ ಉಸಿರುಗಟ್ಟುವುದಿಲ್ಲ. ಎಲ್ಲಿ ನಿಂತರೂ ಹಿಂದಕ್ಕೆ ಸರಿಯಲು ಒಂದು ಅಡ್ಡರಸ್ತೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಹಲವರಿಗೆ ತಿಳಿಯದ ಇನ್ನೊಂದು ದಾರಿಯಿದೆ. ಆನೆಗಳು ವಾರಗಟ್ಟಲೆ ಮೊದಲೇ ಕಾಡಿನ ಶಿಬಿರಗಳಿಂದ ಮೈಸೂರಿಗೆ ಬರುತ್ತವೆ. ಅರಮನೆಯಿಂದ ಬನ್ನಿಮಂಟಪದವರೆಗೆ ಇದೇ ರಸ್ತೆಯಲ್ಲಿ ಬೆಳಿಗ್ಗೆ, ಸಂಜೆ ತಾಲೀಮು ನಡೆಯುತ್ತದೆ. ಮೊದಲು ಬರಿಗೈ ನಡಿಗೆ, ಆಮೇಲೆ ಮರಳಿನ ಮೂಟೆಯ ಭಾರ, ಕೊನೆಗೆ ಮರದ ಅಂಬಾರಿ. ನೂಕುನುಗ್ಗಲಿಲ್ಲ, ಟಿಕೆಟ್ಟಿಲ್ಲ. ನಮ್ಮ ಮಗ 2020ರಿಂದ 2025ರವರೆಗೆ ಅಂಬಾರಿ ಹೊತ್ತ ಅಭಿಮನ್ಯುವನ್ನು ಕಣ್ತುಂಬ ನೋಡಿದ್ದು ಇಂಥ ಒಂದು ಬೆಳಿಗ್ಗೆಯೇ. ಅಮ್ಮಿ ಅಂಗಡಿಯ ಮೆಟ್ಟಿಲ ಮೇಲೆ ಆರಾಮವಾಗಿ ಕುಳಿತಿದ್ದರು.

ವಿಜಯದಶಮಿಯಂದೇ ಹೋಗುವುದಾದರೆ ಇಷ್ಟನ್ನು ಮರೆಯಬೇಡಿ. ಮಗುವಿನ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿಯಿರಲಿ, ಬಾಯಿಪಾಠವೂ ಆಗಿರಲಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮೊದಲೇ ಗೊತ್ತುಮಾಡಿ. ನೀರು, ಕಡಲೆ ಜೊತೆಗಿರಲಿ. ಅಸರ್ ಮತ್ತು ಮಗ್ರಿಬ್ ಎರಡೂ ಈ ಹೊತ್ತಿನಲ್ಲೇ ಬರುವುದರಿಂದ ಹತ್ತಿರದ ಮಸೀದಿ ಅಥವಾ ನೆಂಟರ ಮನೆಯನ್ನು ವಿಚಾರಿಸಿಟ್ಟುಕೊಳ್ಳಿ. ಆನೆಗಳ ಬಳಿ ಪೀಪಿ ಊದಲು ಮಕ್ಕಳನ್ನು ಬಿಡಬೇಡಿ.

ಅಂಬಾರಿ ಮುಂದಿನ ವರ್ಷವೂ ಬರುತ್ತದೆ. ಈ ವರ್ಷ ನೀವು ಹಿಡಿದಿರಬೇಕಾದದ್ದು ಮಗುವಿನ ಕೈ.