ಮನೆಯ ಇನ್‌ಕ್ಯುಬೇಟರ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಬಸವಕಲ್ಯಾಣ, ಹುಮನಾಬಾದ್ ಸುತ್ತಲಿನ ಹಳ್ಳಿಗಳಿಂದ ಕಾಲೇಜಿಗೆ ಬರುವ ನಮ್ಮಲ್ಲಿ ಅನೇಕರ ಮನೆಯಲ್ಲಿ ನಾಲ್ಕಾರು ಜವಾರಿ ಕೋಳಿಗಳಿವೆ. ಕಾವಿಗೆ ಕೂತ ಒಂದು ಕೋಳಿ ಹತ್ತು-ಹನ್ನೆರಡು ಮೊಟ್ಟೆಗಳನ್ನಷ್ಟೇ ಮರಿ ಮಾಡುತ್ತದೆ. ಕಾವು ಕೂತಾಗಲೂ ಮರಿ ಸಾಕುವಾಗಲೂ ಅದು ಮೊಟ್ಟೆ ಇಡುವುದಿಲ್ಲ. ಅದಕ್ಕೇ ಅಮ್ಮಿ ಮೊಟ್ಟೆ ಮಾರಿ ಕೂಡಿಟ್ಟ ಹಣದಲ್ಲಿ ನಮ್ಮ ಮನೆಗೊಂದು ಇನ್‌ಕ್ಯುಬೇಟರ್ ಬಂತು. ಮೊದಲ ಸಲ 30 ಮೊಟ್ಟೆ ಇಟ್ಟೆವು. ಹೊರಬಂದದ್ದು 4 ಮರಿ, ಅದೂ 23ನೇ ದಿನ. ಏಕೆ ಹೀಗಾಯಿತೆಂದು ಹುಡುಕುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಕೊಳ್ಳುವಾಗ ನೋಡಬೇಕಾದದ್ದು

ಎಷ್ಟು ಮೊಟ್ಟೆ ಹಿಡಿಯುತ್ತದೆ ಎಂಬುದು ಮೊದಲ ಪ್ರಶ್ನೆಯಲ್ಲ. ಶಾಖ ಒಂದೇ ಸಮನೆ ನಿಲ್ಲುತ್ತದೆಯೇ, ಕರೆಂಟ್ ಹೋದರೆ ಏನು ಗತಿ ಎಂಬುದೇ ಮೊದಲ ಪ್ರಶ್ನೆ. ಒಳಗೆ ಫ್ಯಾನ್ ಇದ್ದರೆ ಬಿಸಿಗಾಳಿ ಎಲ್ಲ ಮೊಟ್ಟೆಗಳಿಗೂ ಸಮನಾಗಿ ತಲುಪುತ್ತದೆ. 12 ವೋಲ್ಟ್ ಬ್ಯಾಟರಿಯಿಂದಲೂ ನಡೆಯುವಂಥದ್ದು ನಮ್ಮ ಹಳ್ಳಿಗಳಿಗೆ ಒಳ್ಳೆಯದು. ಮೊಟ್ಟೆಗಳನ್ನು ತಾನೇ ತಿರುಗಿಸುವ ವ್ಯವಸ್ಥೆಯಿದ್ದರೆ ಕಾಲೇಜಿಗೆ ಬಂದಾಗ ಚಿಂತೆಯಿಲ್ಲ.

ಕರೆಂಟ್ ಬಿಲ್ಲಿಗೆ ಹೆದರಬೇಕಿಲ್ಲ. 60 ವ್ಯಾಟ್ ಹೀಟರ್ ದಿನಕ್ಕೆ ಒಟ್ಟು 12 ಗಂಟೆ ಉರಿದರೆ 0.72 ಯೂನಿಟ್. 21 ದಿನಕ್ಕೆ ಸುಮಾರು 15 ಯೂನಿಟ್ ಆಗುತ್ತದೆ.

ನಮ್ಮ ತಪ್ಪು ಎಲ್ಲಿತ್ತು?

ಪರದೆಯ ಮೇಲೆ ಸದಾ 37.5 ಡಿಗ್ರಿ ಸೆಲ್ಸಿಯಸ್ ಕಾಣುತ್ತಿತ್ತು. ನಾವು ಅದನ್ನೇ ನಂಬಿದೆವು. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದರ ತಂತಿಯ ಲೋಹದ ತುದಿಯನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಟ್ಟಿಗೆ ಹಿಡಿದು ನೋಡಿದೆವು. ನಮ್ಮ ಯಂತ್ರ ಒಂದು ಡಿಗ್ರಿಗಿಂತ ಹೆಚ್ಚು ತೋರಿಸುತ್ತಿತ್ತು! ಅಂದರೆ ಮೊಟ್ಟೆಗಳಿಗೆ ಅಷ್ಟು ಶಾಖ ಕಡಿಮೆ ಸಿಕ್ಕಿತ್ತು. ಶಾಖ ಕಡಿಮೆಯಾದರೆ ಮರಿ ತಡವಾಗಿ ಬರುತ್ತದೆ, ಬಲಹೀನವಾಗುತ್ತದೆ. ಹೆಚ್ಚಾದರೆ ಬೇಗ ಬರುತ್ತದೆ, ಇಲ್ಲವೇ ಒಳಗೇ ಸಾಯುತ್ತದೆ. ಆದ್ದರಿಂದ ಮೊಟ್ಟೆ ಇಡುವ ಮೊದಲು ಈ ಪರೀಕ್ಷೆ ಮಾಡಿ, ಯಂತ್ರವನ್ನು ಒಂದು ದಿನ ಖಾಲಿ ಓಡಿಸಿ ನೋಡಿ.

ಎಂಥ ಮೊಟ್ಟೆ?

ಅಂಗಡಿಯ ಫಾರಂ ಮೊಟ್ಟೆಯಿಂದ ಮರಿ ಬರುವುದಿಲ್ಲ. ಅಲ್ಲಿ ಹುಂಜಗಳನ್ನು ಕೋಳಿಗಳೊಂದಿಗೆ ಬಿಟ್ಟಿರುವುದಿಲ್ಲ. ಎಂಟು-ಹತ್ತು ಕೋಳಿಗೆ ಒಂದು ಹುಂಜವಾದರೂ ಇರುವ ಮನೆಯ ಮೊಟ್ಟೆ ಬೇಕು. ಏಳು ದಿನಕ್ಕಿಂತ ಹಳೆಯದಾಗಬಾರದು. ತೊಳೆಯಬಾರದು. ಚೂಪು ತುದಿ ಕೆಳಗೆ ಮಾಡಿ ತಂಪಾದ ಜಾಗದಲ್ಲಿ ಇಡಬೇಕು. ಫ್ರಿಜ್ ಬೇಡ.

21 ದಿನಗಳ ಕೆಲಸ

ಫ್ಯಾನ್ ಇರುವ ಯಂತ್ರಕ್ಕೆ 37.5 ಡಿಗ್ರಿ ಇಡಿ. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಸುಮಾರು 38.5 ಇರಲಿ. ತೇವಾಂಶ ಮೊದಲ 18 ದಿನ ಶೇ. 50ರಿಂದ 55 ಸಾಕು. ಕೊನೆಯ ಮೂರು ದಿನ ಶೇ. 65ರಿಂದ 70 ಬೇಕು, ಇಲ್ಲದಿದ್ದರೆ ಒಳಪೊರೆ ಒಣಗಿ ಮರಿ ಅಂಟಿಕೊಳ್ಳುತ್ತದೆ. ನಮ್ಮ ಒಣ ಹವೆಯಲ್ಲಿ ನೀರಿನ ತಟ್ಟೆ ಬೇಗ ಬತ್ತುತ್ತದೆ, ದಿನವೂ ನೋಡಿ.

ಕೈಯಿಂದ ತಿರುಗಿಸುವವರು ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಿ. ಒಂದು ಬದಿಗೆ ಗುಣಾಕಾರ, ಇನ್ನೊಂದು ಬದಿಗೆ ಸೊನ್ನೆ ಬರೆದುಕೊಂಡರೆ ಮರೆಯುವುದಿಲ್ಲ. ತಿರುಗಿಸದಿದ್ದರೆ ಭ್ರೂಣ ಪೊರೆಗೆ ಅಂಟುತ್ತದೆ. 7ನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಜೇಡರ ಬಲೆಯಂತೆ ರಕ್ತನಾಳ ಕಂಡರೆ ಜೀವವಿದೆ. ಏನೂ ಕಾಣದಿದ್ದರೆ ತೆಗೆದುಬಿಡಿ. 18ನೇ ದಿನದಿಂದ ತಿರುಗಿಸುವುದನ್ನು ನಿಲ್ಲಿಸಿ, ಮುಚ್ಚಳ ತೆರೆಯಬೇಡಿ.

ಕರೆಂಟ್ ಮತ್ತು ಬಿಸಿಲು

ಕರೆಂಟ್ ಹೋದರೆ ಗಾಬರಿಯಿಂದ ಮುಚ್ಚಳ ತೆಗೆಯಬೇಡಿ. ಗಾಳಿಯ ರಂಧ್ರ ಬಿಟ್ಟು ಮೇಲೆ ಕಂಬಳಿ ಹೊದಿಸಿ. ಒಂದೆರಡು ಗಂಟೆಯ ತಂಪನ್ನು ಭ್ರೂಣ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ, ಅತಿ ಶಾಖವನ್ನು ತಾಳುವುದಿಲ್ಲ. ಇನ್ನೊಂದು ಮಾತು: ಈ ಯಂತ್ರ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಏಪ್ರಿಲ್-ಮೇ ತಿಂಗಳಲ್ಲಿ ಪತ್ರಾಸಿನ ಮನೆಯ ಒಳಗೇ 40 ಡಿಗ್ರಿ ಆದಾಗ ಮೊಟ್ಟೆಗಳನ್ನು ಉಳಿಸುವುದು ಕಷ್ಟ. ಮಳೆಗಾಲದಿಂದ ಫೆಬ್ರವರಿಯವರೆಗೆ ಇಡುವುದು ಉತ್ತಮ.

ಮರಿ ಬಂದ ಮೇಲೆ

ಮೈ ಒಣಗುವವರೆಗೆ ಮರಿಯನ್ನು ಒಳಗೇ ಬಿಡಿ. ಹೊಟ್ಟೆಯೊಳಗಿನ ಹಳದಿಯೇ ಅದಕ್ಕೆ ಒಂದೆರಡು ದಿನದ ಆಹಾರ. ಆಮೇಲೆ ಮೊದಲ ವಾರ ಬಲ್ಬಿನ ಕೆಳಗೆ 32-35 ಡಿಗ್ರಿ ಶಾಖ ಬೇಕು. 5ರಿಂದ 7ನೇ ದಿನದೊಳಗೆ ಕೊಕ್ಕರೆ ರೋಗದ ಲಸೋಟಾ ಲಸಿಕೆ ಹಾಕಿಸಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ನಮ್ಮ ಜಿಲ್ಲೆಯ ಬೀದರ್‌ನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇದೆ. ಕಾವು ಕೂತ ಕೋಳಿ ತನ್ನ ಮರಿಗಳನ್ನು ತಾನೇ ಕಾಯುತ್ತದೆ. ಯಂತ್ರದ ಮರಿಗಳಿಗೆ ತಾಯಿ ನಾವೇ. ಎಷ್ಟು ಮರಿ ಸಾಕಲು ಜಾಗವಿದೆಯೋ ಅಷ್ಟೇ ಮೊಟ್ಟೆ ಇಡಿ.

ಎರಡನೇ ಸಲ ಅಮ್ಮಿ ಮೊಟ್ಟೆ ಕೊಡಲು ಹಿಂಜರಿದರು. ಥರ್ಮಾಮೀಟರಿನ ಪರೀಕ್ಷೆ ತೋರಿಸಿದ ಮೇಲೆ 30 ಕೊಟ್ಟರು. ಐದರಲ್ಲಿ ಜೀವವಿರಲಿಲ್ಲ. ಉಳಿದ 25ರಲ್ಲಿ 21 ಮರಿ ಬಂದವು, 21ನೇ ದಿನವೇ.