ಮಸಿ ಓದುವ ಉಸ್ತಾದ್

ಕ್ಯಾಬಿನ್ ಮುಂದಕ್ಕೆ ಬಾಗಿಸಿ ನಿಲ್ಲಿಸಿದ್ದ ಲಾರಿಯ ಎಂಜಿನ್ನಿನಿಂದ ಹುಡುಗ ಒಂದು ವಾಲ್ವ್ ಬಿಚ್ಚಿ ತಂದುಕೊಟ್ಟ. ಉಸ್ತಾದರು ಅದರ ಬಾಯಿಗೆ ಕಿರುಬೆರಳು ಹಾಕಿ ಒಂದು ಸುತ್ತು ತಿರುವಿದರು. ಬೆರಳಿಗೆ ಹತ್ತಿದ ಮಸಿಯನ್ನು ಹೆಬ್ಬೆರಳಿನಿಂದ ಉಜ್ಜಿದರು, ಮೂಗಿನ ಹತ್ತಿರ ತಂದರು, ಆಮೇಲೆ ಚಾಲಕನ ಕಡೆ ತಿರುಗಿದರು.

"ಟರ್ಬೊ ಯಾವಾಗ ಬಿಚ್ಚಿಸಿದ್ದಿ ತಮ್ಮಾ?"

"ಗಾಡಿ ಎಳೀವಲ್ತು ಚಾಚಾ, ಏರಿನಾಗ ಕರೀ ಹೊಗಿ" ಎಂದಷ್ಟೇ ಹೇಳಿಕೊಂಡು ಬಂದಿದ್ದ ಆ ಚಾಲಕ ಟರ್ಬೊದ ಮಾತನ್ನೇ ಎತ್ತಿರಲಿಲ್ಲ. ಬಿಚ್ಚಿ ನೋಡಿದರೆ ಟರ್ಬೊದ ಆಯಿಲ್ ಸೀಲ್ ಹೋಗಿತ್ತು. ಎಂಜಿನ್ ಆಯಿಲ್ ಸಣ್ಣಗೆ ಸೋರಿ ಗಾಳಿಯ ಪೈಪಿಗೆ ಇಳಿಯುತ್ತಿತ್ತು.

ಹುಬ್ಬಳ್ಳಿಯ ಗಬ್ಬೂರು ಬೈಪಾಸಿನ ಕಡೆ ಇರುವ ಈ ಗ್ಯಾರೇಜಿಗೆ ನಾನು ಹೋದದ್ದು ಹೆದ್ದಾರಿ ಬದಿಯ ಲಾರಿ ರಿಪೇರಿಯ ಬಗ್ಗೆ ಒಟ್ಟಾರೆಯಾಗಿ ಬರೆಯೋಣ ಎಂದು. ಮೂರು ದಿನ ಅಲ್ಲೇ ಕೂತೆ. ಕಣ್ಣು ಮಾತ್ರ ಆ ಕಿರುಬೆರಳನ್ನು ಬಿಟ್ಟು ಕದಲಲಿಲ್ಲ. "ಹೆಸರು ಬರೀಬ್ಯಾಡ್ರಿ" ಎಂದು ಅವರು ಕೇಳಿಕೊಂಡಿದ್ದಾರೆ. ಹುಡುಗರು ಕರೆಯುವಂತೆ ನಾನೂ ಉಸ್ತಾದ್ ಎಂದೇ ಕರೆಯುತ್ತೇನೆ.

ಅವರ ಲೆಕ್ಕದಲ್ಲಿ ಮಸಿಯಲ್ಲಿ ಮೂರು ಜಾತಿ. ಉಜ್ಜಿದರೆ ಪುಡಿಪುಡಿಯಾಗಿ ಉದುರುವ ಒಣ ಮಸಿ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಎನ್ನುತ್ತದೆ. ಆಗ ನಾಜಲ್ ನೋಡಬೇಕು, ಏರ್ ಫಿಲ್ಟರ್ ನೋಡಬೇಕು, ಇಂಟರ್‌ಕೂಲರಿನ ಹೋಸ್ ಎಲ್ಲಿಯಾದರೂ ಸೀಳಿದೆಯೇ ಎಂದು ಸೋಪಿನ ನೀರು ಬಳಿದು ನೋಡಬೇಕು. ಬೆರಳಿಗೆ ಅಂಟಿ ಎಳೆಯೆಳೆಯಾಗಿ ಬರುವ ಜಿಗುಟು ಮಸಿಯ ಹಿಂದೆ ಆಯಿಲ್ ಇದೆ. ಅದು ಟರ್ಬೊದಿಂದ ಬಂದಿರಬಹುದು, ಎಂಜಿನ್ನಿನ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದಲೂ ಬಂದಿರಬಹುದು. ಮೂರನೆಯದು ಕೆಸರಿನಂತೆ ತೇವವಾಗಿದ್ದು ಸಿಹಿ ವಾಸನೆ ಬೀರುವ ಮಸಿ. ಹೊಗೆ ತಣಿಸುವ ಕೂಲರ್ ಒಡೆದು ಕೂಲೆಂಟ್ ಒಳಗೆ ಸೇರುತ್ತಿದೆ ಎಂದು ಅದರ ಅರ್ಥ. ಅಂಥ ಗಾಡಿಯ ಚಾಲಕನನ್ನು ಉಸ್ತಾದರು ಕೇಳುವುದು ಒಂದೇ ಪ್ರಶ್ನೆ: "ನೆಲಕ್ಕ ಒಂದ್ ಹನಿ ಬೀಳದನ ಕೂಲೆಂಟ್ ಕಮ್ಮಿ ಆಗಾಕತ್ತೈತೇನು?" ಹೌದು ಎಂದರೆ ಲಾರಿಯನ್ನು ಅಂದೇ ಹೊರಗೆ ಬಿಡುವುದಿಲ್ಲ. ಆ ನೀರು ಸಿಲಿಂಡರಿಗೆ ಇಳಿದರೆ ಎಂಜಿನ್ನೇ ಹೋಗುತ್ತದೆ.

ಇಷ್ಟೊಂದು ಮಸಿ ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ ಬರುವುದಾದರೂ ಹೇಗೆ? ಅದನ್ನು ನಾವೇ ಬೇಕೆಂದು ಕಳಿಸುತ್ತಿದ್ದೇವೆ. ಗಾಳಿಯಲ್ಲಿ ಶೇ 78ರಷ್ಟು ಇರುವ ಸಾರಜನಕ ಸುಮ್ಮನಿರುವ ಅನಿಲ. ಆದರೆ ಡೀಸೆಲ್ ಎಂಜಿನ್ನಿನ ಒಳಗಿನ ಬೆಂಕಿಯ ಕಾವು ಮಿತಿಮೀರಿದಾಗ ಅದು ಆಮ್ಲಜನಕದೊಡನೆ ಕೂಡಿ ಪುಪ್ಪುಸ ಸುಡುವ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತದೆ. ಕಾವು ತಗ್ಗಿಸಲು ಸೈಲೆನ್ಸರ್ ಕಡೆ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ, ಕೂಲರಿನಲ್ಲಿ ತಣಿಸಿ, ಹೊಸ ಗಾಳಿಯ ಜೊತೆ ಮತ್ತೆ ಎಂಜಿನ್ನಿಗೆ ಊಡುತ್ತಾರೆ. ಉರಿದು ಮುಗಿದ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಬೆಂಕಿ ಸೌಮ್ಯವಾಗುತ್ತದೆ. ಈ ಏರ್ಪಾಟಿನ ಹೆಸರು ಇಜಿಆರ್. ಎಷ್ಟು ಹೊಗೆ, ಯಾವಾಗ ಎಂದು ತೀರ್ಮಾನಿಸುವ ಬಾಗಿಲೇ ಉಸ್ತಾದರ ಕೈಯಲ್ಲಿದ್ದ ವಾಲ್ವ್.

ಹೊಗೆಯ ಜೊತೆ ಮಸಿಯೂ ಬರುತ್ತದೆ. ಅದು ಗೋಡೆಗೆ ಹಿಡಿದುಕೊಳ್ಳುವ ಬಗೆಯನ್ನು ಉಸ್ತಾದರು ವಿವರಿಸಿದ್ದು ಅವರ ತಾಯಿಯ ನೆನಪಿನಿಂದ. "ಅವ್ವಾ ಕಾಡಿಗಿ ಮಾಡ್ತಿದ್ಳ್ರಿ. ಹರಳೆಣ್ಣಿ ದೀಪದ ಮ್ಯಾಲೆ ತಾಟು ಬೋರಲು ಹಾಕಿದ್ರ ಮಸಿ ಕೂಡ್ತಿತ್ತು. ಊದಿದ್ರ ಹಾರಿ ಹೋಗೂದು ಅದು. ಎರಡು ಹನಿ ತುಪ್ಪ ಬಿಟ್ಟು ತೀಡಿದ ಮ್ಯಾಲೆ ನೋಡ್ರಿ, ತೊಳದ್ರೂ ಹೋಗೂದಿಲ್ಲ. ಇಲ್ಲೂ ಹಂಗ. ಸೈಲೆನ್ಸರಿನ ಮಸಿ, ಬ್ರೀದರಿನ ಎಣ್ಣಿ. ಎಂಜಿನ್ ತನಗ ತಾನ ಕಾಡಿಗಿ ಮಾಡ್ಕೋತೈತಿ." ಇಜಿಆರ್ ಬಗ್ಗೆ ನಾನು ಕೇಳಿದ ವಿವರಣೆಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ.

ಕಾಡಿಗೆ ಕಟ್ಟಿದ ವಾಲ್ವ್ ಪೂರ್ತಿ ಮುಚ್ಚದೆ ಅರ್ಧಕ್ಕೆ ನಿಂತರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೂ ಹೊಗೆಯೇ ಒಳಗೆ ನುಗ್ಗುತ್ತದೆ. ಗಾಳಿ ಸಾಲದ ಡೀಸೆಲ್ ಇನ್ನಷ್ಟು ಮಸಿ ಉಗುಳುತ್ತದೆ, ಆ ಮಸಿ ಮತ್ತೆ ವಾಲ್ವಿಗೇ ಬರುತ್ತದೆ. ಮುಚ್ಚಿಯೇ ಸಿಕ್ಕಿಕೊಂಡರೆ ಚಾಲಕನಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಎಪಿಎಂಸಿಯಲ್ಲಿ, ಟೋಲ್ ಸಾಲಿನಲ್ಲಿ ಗಂಟೆಗಟ್ಟಲೆ ಎಂಜಿನ್ ಆರಿಸದೆ ನಿಲ್ಲುವ ಗಾಡಿಗಳಲ್ಲೇ ಈ ಕಾಟ ಹೆಚ್ಚು. ಹೊರೆ ಇಲ್ಲದೆ ಓಡುವ ಎಂಜಿನ್ ಸರಿಯಾಗಿ ಕಾಯುವುದಿಲ್ಲ.

ತೊಳೆಯುವುದು ಎರಡು ತಾಸಿನ ಕೆಲಸ. ಕಾರ್ಬನ್ ಕ್ಲೀನರಿನಲ್ಲಿ ನೆನೆಹಾಕುವುದು, ಪ್ಲಾಸ್ಟಿಕ್ ಬ್ರಷ್ಷಿನಿಂದ ತಿಕ್ಕುವುದು. ತಂತಿ ಬ್ರಷ್ ಮುಟ್ಟಿಸಿದರೆ ಕೂರುವ ಜಾಗಕ್ಕೆ ಗೀರು ಬಿದ್ದು ವಾಲ್ವ್ ಸೋರುತ್ತದೆ. ಮೋಟರ್ ಇರುವ ಭಾಗಕ್ಕೆ ದ್ರವ ತಾಗಕೂಡದು. ಗ್ಯಾಸ್ಕೆಟ್ ಹೊಸದೇ ಆಗಬೇಕು. ಕೂಲರಿನ ಬಾಯಿಗಳನ್ನು ಮುಚ್ಚಿ, ಒಳಗೆ ಗಾಳಿ ತುಂಬಿ, ಪಂಕ್ಚರ್ ಅಂಗಡಿಯವರು ಟ್ಯೂಬು ಮುಳುಗಿಸುವಂತೆ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರೆ. ಒಣ ಮಸಿಗೆ ಏರ್ ಹೊಡೆಯಲು ಉಸ್ತಾದರು ಹುಡುಗರನ್ನು ಬಿಡುವುದಿಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿದೆ. ನಮ್ಮ ಉಸ್ತಾದರಿಗೆ ಅದು ತಿಳಿದದ್ದು ತಮಗೆ ಕೆಲಸ ಕಲಿಸಿದವರ ಕೆಮ್ಮಿನಿಂದ.

ಅವರು ಕೆಲಸ ಕಲಿತದ್ದು ಟಾಟಾ 1210, ಲೇಲ್ಯಾಂಡ್ ಕಾಮೆಟ್‌ಗಳ ಮೇಲೆ. ಆಗ ಪಂಪು ಎಂದರೆ ಮೈಕೊ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾದರೂ ಉಸ್ತಾದರ ಬಾಯಲ್ಲಿ ಇಂದಿಗೂ ಮೈಕೊ. ಪಂಪು ತಿರುವಿ ಹೊಗೆ ಸರಿಮಾಡುತ್ತಿದ್ದ ಕಾಲ ಮುಗಿದದ್ದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ ನಿಯಮಗಳಿಂದ. 2017ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-4, 2020ರ ಏಪ್ರಿಲ್ 1ರಿಂದ ಬಿಎಸ್-6. ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ದೊಡ್ಡ ಲಾರಿಗಳಿಗೆ ಯೂರಿಯಾ ಟ್ಯಾಂಕು, ಮಸಿ ಹಿಡಿಯುವ ಫಿಲ್ಟರ್ ಬಂದವು. ಅವುಗಳ ಜೊತೆ ಎಷ್ಟೋ ಗಾಡಿಗಳಲ್ಲಿ ಇಜಿಆರ್ ಕೂಡ ಉಳಿಯಿತು.

ಈಗ ನೋವಿನ ಮಾತು. ಪದೇ ಪದೇ ತೊಳೆಸಿ ಬೇಸತ್ತ ಮಾಲೀಕರು ಇಜಿಆರ್ ದಾರಿಗೆ ತಗಡು ಬಡಿಸುತ್ತಾರೆ. ಗ್ಯಾರೇಜು ಭಾಷೆಯಲ್ಲಿ ಡಮ್ಮಿ ಪ್ಲೇಟ್. ಎಂಜಿನ್ನಿನ ಕಂಪ್ಯೂಟರ್ ದೂರು ಹೇಳಿದರೆ ಅದರ ಸಾಫ್ಟ್‌ವೇರನ್ನೂ ತಿದ್ದಿಸುತ್ತಾರೆ. ಕಪ್ಪು ಹೊಗೆ ಇಳಿಯುತ್ತದೆ, ಪಿಕಪ್ ಬರುತ್ತದೆ, ಪಿಯುಸಿ ಪ್ರಮಾಣಪತ್ರವೂ ಸಲೀಸಾಗಿ ಸಿಗುತ್ತದೆ. ಏಕೆಂದರೆ ಡೀಸೆಲ್ ಗಾಡಿಯ ಪಿಯುಸಿಯಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದಿಲ್ಲ. ಬರಿಗಣ್ಣಿಗೆ ಸ್ವಚ್ಛವಾಗಿ ಕಾಣುವ ಆ ಲಾರಿ ಹೆಚ್ಚು ವಿಷ ಕಾರುತ್ತ ಓಡುತ್ತದೆ. ತಯಾರಕರು ಕೊಟ್ಟ ರೂಪವನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಪ್ಪುವುದಿಲ್ಲ. ಉಸ್ತಾದರು ಕಾಯ್ದೆಯ ಮಾತಾಡಲಿಲ್ಲ. "ಬೈಪಾಸಿನ ಬಾಜೂಕ ನನ್ನ ಮನಿ ಐತ್ರಿ. ಆ ಗಾಳಿ ನನ್ನ ಮೊಮ್ಮಕ್ಳು ಕುಡೀತಾವು" ಎಂದರು. ತಗಡು ಕೇಳಿ ಬಂದವರನ್ನು ಅವರು ಚಹಾ ಕುಡಿಸಿ ವಾಪಸ್ ಕಳಿಸುವುದನ್ನು ನಾನೇ ಎರಡು ಸಲ ಕಂಡೆ. ಆ ದಿನದ ದುಡಿಮೆ ಪಕ್ಕದ ಗ್ಯಾರೇಜಿಗೆ ಹೋಯಿತು.

ಉಸ್ತಾದರಿಗೆ ಬೇಕಿರುವುದು ಎಂಜಿನ್ನಿನ ಕಂಪ್ಯೂಟರ್ ಜೊತೆ ಮಾತಾಡುವ ಒಳ್ಳೆಯ ಸ್ಕ್ಯಾನರ್. ತೊಳೆದು ಕೂರಿಸಿದ ವಾಲ್ವಿಗೆ ಮುಚ್ಚಿದ ಸ್ಥಾನ ಯಾವುದೆಂದು ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರ್ ಮೂಲಕ ಮತ್ತೆ ಕಲಿಸಬೇಕು. ಕಂಪನಿಗಳ ಮೂಲ ಸಾಫ್ಟ್‌ವೇರ್ ಹೆದ್ದಾರಿ ಬದಿಯ ಗ್ಯಾರೇಜಿಗೆ ಸುಲಭಕ್ಕೆ ದಕ್ಕುವುದಿಲ್ಲ. ಇವರಲ್ಲಿರುವ ಅಗ್ಗದ ಯಂತ್ರ ಹರಿವು ಕಡಿಮೆ ಎಂದು ಹೇಳಿ ಸುಮ್ಮನಾಗುತ್ತದೆ, ಏಕೆ ಕಡಿಮೆ ಎಂಬುದನ್ನು ಕಿರುಬೆರಳೇ ಹೇಳಬೇಕು. ಆ ಬೆರಳೂ ಒಳ್ಳೆಯ ಸ್ಕ್ಯಾನರೂ ಒಂದೇ ಕಡೆ ಸೇರಿದರೆ ಎಷ್ಟು ವಾಲ್ವ್‌ಗಳು ಗುಜರಿಗೆ ಹೋಗುವುದು ತಪ್ಪೀತು! ಸರ್ಕಾರದ ಕೌಶಲ ತರಬೇತಿಗಳಲ್ಲಿ ಇಂಥ ಉಸ್ತಾದರನ್ನು ಪಾಠ ಹೇಳಲು ಕೂರಿಸಬೇಕು, ಅವರ ಕೈಗೆ ಒಳ್ಳೆಯ ಸ್ಕ್ಯಾನರನ್ನೂ ಕೊಡಬೇಕು.

ಅವರ ಬಳಿ ಕಲಿತ ನಾಲ್ವರು ಹುಡುಗರು ಬಿಟ್ಟು ಹೋಗಿದ್ದಾರೆ. ಇಬ್ಬರು ಬೈಕಿನಲ್ಲಿ ಊಟ ಹಂಚುತ್ತಾರೆ, ಒಬ್ಬ ಶೋರೂಮ್ ಸೇರಿದ್ದಾನೆ, ಇನ್ನೊಬ್ಬ ಊರಿಗೆ ಹೋದವನು ಮರಳಿಲ್ಲ. ಈಗಿರುವ ಹುಡುಗ ಬರುವುದು ಕಾಲೇಜಿಗೆ ರಜೆ ಇದ್ದಾಗ ಮಾತ್ರ.

ಲಾರಿ ಮಾಲೀಕರೇ, ಮುಂದಿನ ಸಲ ನಿಮ್ಮ ಗಾಡಿ ಏರಿನಲ್ಲಿ ಎಳೆಯದೆ ನಿಂತಾಗ ತಗಡು ಹಾಕಿಸುವ ಮುನ್ನ ಆ ವಾಲ್ವನ್ನು ಇಂಥ ಒಬ್ಬರ ಕೈಗೆ ಕೊಟ್ಟು ನೋಡಿ. ಗಬ್ಬೂರು ಬೈಪಾಸಿನ ಕಡೆ ಬೆಳಿಗ್ಗೆ ಎಂಟಕ್ಕೆ ಉಸ್ತಾದರು ಇನ್ನೂ ಗ್ಯಾರೇಜು ತೆಗೆಯುತ್ತಾರೆ.