ಕರುಳಿನ ಕಾಲುವೆಗೆ ತಾತ್ಕಾಲಿಕ ಆಸರೆ

ಹೊಸಪೇಟೆಯಿಂದ ಹಂಪೆಗೆ ಹೊರಟವರಿಗೆ ದಾರಿಯಲ್ಲಿ ಮಲಪನಗುಡಿ ಎದುರಾಗುತ್ತದೆ. ಈ ಸೀಮೆಯ ಬಾಳೆ, ಕಬ್ಬು, ಬತ್ತಗಳೆಲ್ಲ ತುಂಗಭದ್ರೆಯ ಕಾಲುವೆಗಳನ್ನೇ ನೆಚ್ಚಿಕೊಂಡಿವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಇಲ್ಲಿಯವರ ಎದೆ ಧಸಕ್ಕೆಂದಿತ್ತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ, ಒಂದು ವಾರದಲ್ಲಿ ಸೋರಿಕೆಯನ್ನು ತಡೆದ ಸಾಹಸವನ್ನು ನಾಡೇ ಕಂಡಿತು. ಮನುಷ್ಯನ ಕರುಳಿನಲ್ಲಿಯೂ ಇಂಥದೊಂದು ಸಾಹಸ ಸಾಧ್ಯವೆಂದರೆ ವಾಚಕರಿಗೆ ಅಚ್ಚರಿಯಾದೀತು.

ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ವೈದ್ಯರು ರೋಗ ತಗುಲಿದ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಕೂಡಿಸಿ ಹೊಲಿಯುತ್ತಾರೆ. ಬಹುತೇಕ ರೋಗಿಗಳಲ್ಲಿ ಈ ಬೆಸುಗೆ ಸುಖವಾಗಿ ಕೂಡಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ಎರಡು ಬಗೆಯ ತೊಡಕು ತಲೆದೋರುವುದುಂಟು. ಮೊದಲ ಕೆಲವು ದಿನಗಳಲ್ಲಿ ಹೊಲಿಗೆ ಸಡಿಲಿ ಮಲ ಹೊಟ್ಟೆಯೊಳಕ್ಕೆ ಸೋರಬಹುದು. ವಾರಗಳು, ತಿಂಗಳುಗಳು ಕಳೆದ ಮೇಲೆ ಗಾಯದ ಕಲೆ ಬಿಗಿದು ಕರುಳು ಕಿರಿದಾಗಬಹುದು.

ಇಂತಹ ಕೆಲವು ಸಂದರ್ಭಗಳಲ್ಲಿ ನೆರವಿಗೆ ಬರುವುದೇ ಸ್ಟೆಂಟ್. ಹತ್ತೊಂಬತ್ತನೆಯ ಶತಮಾನದ ಆಂಗ್ಲ ದಂತವೈದ್ಯ ಚಾರ್ಲ್ಸ್ ಸ್ಟೆಂಟನ ಹೆಸರು ಈ ಸಾಧನಕ್ಕೆ ಉಳಿದುಬಂದಿದೆ. ನಿಕ್ಕಲ್ ಮತ್ತು ಟೈಟೇನಿಯಂ ಬೆರೆಸಿದ ಲೋಹದ ಎಳೆಗಳಿಂದ ಹೆಣೆದ ಜಾಲರಿಯ ಕೊಳವೆ ಇದು. ಇದನ್ನು ಮುದುರಿ, ಗುದದ್ವಾರದ ಮೂಲಕ ಎಂಡೋಸ್ಕೋಪಿನ ಸಹಾಯದಿಂದ ಒಳಗೆ ಸಾಗಿಸಿ ಬಿಟ್ಟರೆ ತಾನೇ ಅರಳಿ ಕರುಳಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಕಿರಿದಾದ ದಾರಿ ತೆರೆಯುತ್ತದೆ. ಸೋರಿಕೆಯಿದ್ದರೆ ಮೇಲುಹೊದಿಕೆಯುಳ್ಳ ಸ್ಟೆಂಟ್ ಬಿರುಕನ್ನು ಮರೆಮಾಡುತ್ತದೆ. ಮಲ ಅದರೊಳಗೆ ಸಾಗಿ, ಹೊರಗೆ ಗಾಯ ಮಾಯಲು ಅವಕಾಶವಾಗುತ್ತದೆ. ಕಾರ್ಯ ಮುಗಿದ ಮೇಲೆ ಅದನ್ನು ತೆಗೆಯಬಹುದು.

ಆದರೆ ಇದು ಸರ್ವರೋಗಕ್ಕೂ ಸಲ್ಲುವ ಮದ್ದಲ್ಲ. ಕಿರಿದಾದ ಕರುಳನ್ನು ಸಾಮಾನ್ಯವಾಗಿ ಮೊದಲು ಬಲೂನಿನಿಂದ ಹಿಗ್ಗಿಸಿ ನೋಡುತ್ತಾರೆ. ಸ್ಟೆಂಟ್ ಜಾರಬಹುದು, ನೋವು ತರಬಹುದು, ಅಪರೂಪಕ್ಕೆ ಕರುಳನ್ನೇ ತೂತುಮಾಡಬಹುದು. ಗುದದ್ವಾರಕ್ಕೆ ತೀರ ಸಮೀಪದಲ್ಲಿ ಅದು ಹೊಂದುವುದಿಲ್ಲ. ಸೋರಿಕೆಯ ನಂಜು ಹೊಟ್ಟೆಯ ತುಂಬ ಹರಡಿದ್ದರೆ ಮರುಶಸ್ತ್ರಚಿಕಿತ್ಸೆ ಅನಿವಾರ್ಯ. ಆಗ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟಬೇಕಾಗಿ ಬರಬಹುದು.

ನಮ್ಮ ಮನೆಗಳಲ್ಲಿ ಮಲದ ಮಾತೆತ್ತುವುದಕ್ಕೇ ಸಂಕೋಚ. ಸೊಸೆಯ ಮುಂದೆ ಹೇಗೆ ಹೇಳಲೆಂದು ಮಾವನವರು ಹೊಟ್ಟೆಯುಬ್ಬರವನ್ನು ನುಂಗಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯ ಬಳಿಕ ಜ್ವರ, ಹೆಚ್ಚುವ ಹೊಟ್ಟೆನೋವು, ಎದೆಬಡಿತದ ವೇಗ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮಲ ಸಣ್ಣಗಾಗುತ್ತ ಬಂದರೆ ವೈದ್ಯರಿಗೆ ತಿಳಿಸಬೇಕು. ಮಲವೂ ವಾಯುವೂ ನಿಂತು ವಾಂತಿಯಾದರಂತೂ ತಡ ಮಾಡಲೇಬಾರದು. ಗೇಟು ಹೋದ ರಾತ್ರಿ ಯಾರೂ ಸುದ್ದಿಯನ್ನು ಮುಚ್ಚಿಡಲಿಲ್ಲ. ಅದರಿಂದಲೇ ನೀರು ಉಳಿಯಿತು.